ಉಗುರುಬೆಚ್ಚಗಿನ ನೀರು

ಬುಧವಾರ, ಬೆಳಗ್ಗೆ

ನನ್ನ ಮಗಳಿಗೆ ಅಮ್ಮನ ತುಂಬು ಮನಸ್ಸಿನ ಹಾರೈಕೆ. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಇವತ್ತು ನನಗೆ ಉಪವಾಸ. ಹಾಗಾಗಿ ಒಲೆ ಬೇಗ ಆರಿತು, ಕೈಯೂ ಬೇಗ ಖಾಲಿಯಾಯಿತು. ನಿಮ್ಮಪ್ಪನಿಗೆ ಬುತ್ತಿ ಕಟ್ಟಿ ಕಳಿಸಿದೆ, ಅಂಗಳ ಗುಡಿಸಿದೆ, ಪಾತ್ರೆ ತಿಕ್ಕಿದೆ, ಅವರ ಕೆಲಸದ ಬಟ್ಟೆ ಒಗೆದು ಹರವಿದೆ. ಆ ಕಬ್ಬಿಣದ ಪುಡಿ ಒಂದು ನೀರಿಗೆ ಬಿಡುವಂಥದ್ದಲ್ಲ, ಈಗ ನಿನಗೂ ಅದರ ಕಷ್ಟ ಗೊತ್ತಾಗಿರಬೇಕು. ದೇವರ ಮುಂದೆ ದೀಪ ಹಚ್ಚಿ, ಅಲ್ಲೇ ನೆಲದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಪಕ್ಕದ ಮನೆಯ ಟೈಲರಮ್ಮ ಮಧ್ಯಾಹ್ನ ಹೊಲಿದ ಬಟ್ಟೆ ಕೊಡಲು ನಿಮ್ಮ ಬೀದಿಗೆ ಬರುತ್ತಾಳಂತೆ, ಅವಳ ಚೀಲದಲ್ಲಿ ಇಟ್ಟು ಕಳಿಸುತ್ತೇನೆ. ಅವಳಿಗೆ ಇನ್ನೊಬ್ಬರ ಮನೆಯ ಸುದ್ದಿ ಅಂದರೆ ಊಟಕ್ಕಿಂತ ಹೆಚ್ಚು. ಅದಕ್ಕೇ ಲಕೋಟೆಗೆ ಅಂಟು ಹಚ್ಚಿ ಅದರ ಮೇಲೆ ದಾರದಲ್ಲಿ ಹೊಲಿಗೆಯನ್ನೂ ಹಾಕುತ್ತೇನೆ. ಬಿಚ್ಚುವಾಗ ಕತ್ತರಿ ತಗೋ, ಹಲ್ಲಿನಲ್ಲಿ ಕಚ್ಚಬೇಡ.

ಅಪ್ಪ ಚೆನ್ನಾಗಿದ್ದಾರೆ. ಬೆಕ್ಕು ಮರಿ ಹಾಕಿದೆ, ಹಾಕಲು ಅದಕ್ಕೆ ಸಿಕ್ಕ ಜಾಗ ಅಪ್ಪನ ಹಳೆಯ ಬೂಟು. ಅಪ್ಪ ಅದಕ್ಕೆ ಬೈದೂ ಬೈದೂ ಕೊನೆಗೆ ಬೂಟನ್ನು ಬಿಸಿಲು ಬರುವ ಕಡೆ ತಾವೇ ಸರಿಸಿ ಇಟ್ಟರು.

ಇಲ್ಲ ಮಗಳೇ. ಬೆಕ್ಕಿನ ಸುದ್ದಿ ಬರೆಯಲು ನಾನು ಕೂತಿಲ್ಲ. ಫೋನ್ ಮಾಡಿ ಹೇಳೋಣವೆಂದರೆ ಮನೆಗಿರುವ ಒಂದು ಫೋನು ಅಪ್ಪನ ಜೇಬಿನಲ್ಲಿ. ಇನ್ನೊಬ್ಬರ ಫೋನಿನಲ್ಲಿ ನಿಂತು ಹೇಳುವ ಮಾತೂ ಇದಲ್ಲ.

ಮೊದಲು ಒಂದು ವಿಷಯ ಕೇಳುತ್ತೇನೆ. ಹೋದ ವಾರ ನಿನ್ನ ಗಂಡನ ನೀಲಿ ಅಂಗಿಯ ತೋಳು ಹರಿದಿತ್ತಲ್ಲ? ಮೊಳೆಗೆ ಸಿಕ್ಕಿ ಹರಿಯಿತು ಅಂದರಂತೆ. ನೀನು ಟೈಲರಮ್ಮನ ಹತ್ತಿರ ನೀಲಿ ಚೂರು ಕೇಳಿ ತಗೊಂಡು ತೇಪೆ ಹಾಕಿದೆಯಂತೆ. ಅದು ಮೊಳೆ ಅಲ್ಲ ಕಣೇ. ಅದು ನಿಮ್ಮಪ್ಪನ ಕೈಯಲ್ಲಿದ್ದ ಗ್ರೈಂಡರು.

ಹೆದರಬೇಡ, ಕೂತುಕೊಂಡು ಓದು. ಚರ್ಮಕ್ಕೆ ಏನೂ ಆಗಿಲ್ಲ. ಆದರೆ ಆಗದೇ ಇದ್ದದ್ದು ದೇವರ ದಯೆ, ನಿಮ್ಮಪ್ಪನ ಕೈಚಳಕ ಅಲ್ಲ.

ಅವರಿಬ್ಬರ ಕೆಲಸ ಹೇಗೆ ಅಂತ ನಿನಗೆ ಗೊತ್ತು, ಆದರೂ ಒಂದು ಸಲ ಕಣ್ಮುಂದೆ ತಂದುಕೋ. ಎರಕ ಹೊಯ್ದು ಬಂದ ಕಬ್ಬಿಣದ ತುಂಡು ಸ್ಟ್ಯಾಂಡಿನ ಮೇಲೆ. ಈ ಕಡೆ ನಿಮ್ಮಪ್ಪ, ಎರಡೂ ಕೈಯಲ್ಲಿ ಗ್ರೈಂಡರ್ ಹಿಡಿದು ಅದರ ಒರಟು ಅಂಚು ಉಜ್ಜುತ್ತಾರೆ. ಆ ಕಡೆ ನಿನ್ನ ಗಂಡ, ಹಾರೆ ಕೊಟ್ಟು ತುಂಡನ್ನು ತಿರುಗಿಸುತ್ತಾರೆ. ಇಬ್ಬರ ಮುಖಕ್ಕೂ ನಡುವೆ ಇರುವುದು ಒಂದು ಮೊಳ. ಮಾತು ಬಿಟ್ಟು ಇಷ್ಟು ತಿಂಗಳಾಯಿತು, ಮಾವ ಅಳಿಯ ಎಣ್ಣೆ ಸೀಗೆಕಾಯಿ, ಆದರೂ ಮೇಸ್ತ್ರಿ ಅವರನ್ನು ಬೇರೆ ಬೇರೆ ಹಾಕಲಿಲ್ಲ. ಆ ಜೋಡಿಯ ಹಾಗೆ ಕೆಲಸ ಮುಗಿಸುವವರು ಇನ್ನೊಬ್ಬರಿಲ್ಲವಂತೆ. ಮಾತಿಗೆ ಬದಲು ಹಾರೆಯಿಂದ ಕಬ್ಬಿಣಕ್ಕೆ ಕುಟ್ಟುತ್ತಾರಂತೆ. ಒಂದು ಏಟು ಅಂದರೆ ಶುರು, ಎರಡು ಏಟು ಅಂದರೆ ನಿಲ್ಲಿಸು. ಕೇಳಿ ನನಗೆ ನಗು ಬಂದಿತ್ತು. ಎರಡು ಎಮ್ಮೆಗಳೂ ಇದಕ್ಕಿಂತ ಹೆಚ್ಚು ಮಾತಾಡುತ್ತವೆ ಅಂದಿದ್ದೆ.

ಆ ದಿನ ಅಪ್ಪ ಮನೆಗೆ ಬಂದವರು ಕೈಕಾಲು ತೊಳೆಯಲಿಲ್ಲ, ಹಾಗೇ ಗೋಡೆಗೆ ಒರಗಿ ಕೂತರು. ನಾನು ಏನೆಂದು ಕೇಳಿದೆ. 'ಕೈಯಲ್ಲಿ ಮಿಷನ್ ಇದೆ ಅಂತಾನೇ ಗೊತ್ತಾಗಲಿಲ್ಲ ಕಣೇ' ಅಂದರು. ಹಿಡಿತ ಬಿಟ್ಟದ್ದೇ ಅವರಿಗೆ ತಿಳಿಯಲಿಲ್ಲವಂತೆ. ಗ್ರೈಂಡರಿನ ಚಕ್ರ ತುಂಡಿನ ಮೇಲಿಂದ ಹಾರಿ ಅಳಿಯಂದಿರ ಅಂಗಿಯ ತೋಳನ್ನು ಸೀಳಿ ಹೋಯಿತು. ಆಗಲೂ ನಿನ್ನ ಗಂಡ ಹಾರೆಯಿಂದ ಎರಡು ಸಲ ಕುಟ್ಟಿದರಂತೆ. ಹೋಗಿ ನೀರು ಕುಡಿದು ಬಂದರಂತೆ. ಬಂದು ನಿಂತು ಒಂದು ಸಲ ಕುಟ್ಟಿದರಂತೆ. ಅಷ್ಟೇ.

ಮೇಸ್ತ್ರಿಗೆ ಅವರು ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಯಾಕೆ ಅಂತ ನನಗೆ ಅರ್ಥವಾಗುತ್ತದೆ. ಅವರು ಬಾಯಿಬಿಟ್ಟರೆ, ಹೆಣ್ಣು ಕೊಟ್ಟ ಮಾವನನ್ನೇ ಕೆಲಸದಿಂದ ಎಬ್ಬಿಸಿದ ಅಂತ ಇಡೀ ಕಾರ್ಖಾನೆ ಆಡಿಕೊಳ್ಳುತ್ತದೆ. ದೊಡ್ಡ ಮನಸ್ಸು ಅವರದ್ದು. ಆದರೆ ಆ ದೊಡ್ಡ ಮನಸ್ಸಿನ ಮುಂದೆಯೇ ಚಕ್ರ ತಿರುಗುತ್ತಿದೆ.

ಮೇಲೆ ಅಪ್ಪ ಚೆನ್ನಾಗಿದ್ದಾರೆ ಅಂತ ಬರೆದೆ. ಅದು ಸುಳ್ಳು. ಆ ಸಾಲನ್ನು ಹೊಡೆದು ಹಾಕುವುದಿಲ್ಲ, ಹಾಗೇ ಇರಲಿ. ಎಲ್ಲರಿಗೂ ಇಷ್ಟು ದಿನ ಹೇಳಿದ್ದು ಅದನ್ನೇ.

ಬೆಳಗ್ಗೆ ಚಳಿಯಲ್ಲಿ ಅವರ ಬೆರಳು ಬಿಳುಚಿ ಸುಣ್ಣದ ಕಡ್ಡಿಯ ಹಾಗೆ ಆಗುತ್ತವೆ, ಎರಡನೇ ಗೆಣ್ಣಿನವರೆಗೆ, ಗೆರೆ ಕೊರೆದ ಹಾಗೆ. ತಣ್ಣೀರು ಮುಟ್ಟಿದರೂ ಅದೇ. ಆಮೇಲೆ ಕೆಂಪಾಗಿ ಸಿಡಿಯುತ್ತವೆ, ಆಗ ಅವರು ಹಿತ್ತಲಿಗೆ ಹೋಗಿ ನಿಲ್ಲುತ್ತಾರೆ, ನನಗೆ ಮುಖ ಕಾಣಬಾರದು ಅಂತ. ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ. ಗುಂಡಿಯ ಮನೆ ಸಣ್ಣದಾಗಿ ಹೊಲಿದಿದ್ದಾಳೆ ಅಂತ ಟೈಲರಮ್ಮನಿಗೆ ಬೈಗುಳ. ನಾನು ಎಲ್ಲ ಅಂಗಿಗೂ ಒತ್ತುಗುಂಡಿ ಹಾಕಿಸಿದೆ. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗಾಜಿನ ಲೋಟ ಒಂದೊಂದಾಗಿ ಒಡೆದಾಗ ಸ್ಟೀಲಿನದು ತಂದಿಟ್ಟೆ. 'ಟೀ ರುಚಿನೇ ಹೋಯ್ತು' ಅಂತ ಗೊಣಗಿಕೊಂಡು ಅದರಲ್ಲೇ ಕುಡಿದರು.

ಒಂದು ದಿನ ನಾವಿಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು. ಅಪ್ಪ ಜೇಬಿಗೆ ಕೈಹಾಕಿ ಕಂಡಕ್ಟರನ ಕೈಗೆ ಚಿಲ್ಲರೆ ಕೊಟ್ಟರು. ಅವನು ಅಂಗೈ ನೋಡಿಕೊಂಡು, 'ಯಜಮಾನ್ರೇ, ಗುಂಡಿ ಕೊಟ್ರಿ, ಇದರ ಅಂಗಿ ಎಲ್ಲಿ?' ಅಂದ. ನೋಡಿದರೆ ಹೌದು, ನಾಣ್ಯದ ಜೊತೆ ಉದುರಿಹೋದ ಅಂಗಿಗುಂಡಿ. ಬಸ್ಸೆಲ್ಲ ನಕ್ಕಿತು. ಅಪ್ಪನೂ ನಕ್ಕು, 'ಅಂಗಿ ಮುಂದಿನ ಸ್ಟಾಪಲ್ಲಿ ಹತ್ತುತ್ತೆ ಮಾರಾಯ' ಅಂದರು. ಮನೆ ಸೇರುವವರೆಗೆ ಆ ಗುಂಡಿಯನ್ನು ಬೆರಳಲ್ಲಿ ಹೊರಳಿಸುತ್ತಲೇ ಇದ್ದರು. ನಿನ್ನ ಕಾಲಿಗೆ ಚುಚ್ಚಿದ ಮುಳ್ಳನ್ನು ಕಣ್ಣಿಗೆ ಕಾಣದಿದ್ದರೂ ಬೆರಳ ತುದಿಯಲ್ಲೇ ಹುಡುಕಿ ತೆಗೆಯುತ್ತಿದ್ದ ಕೈ ಅದು. ನನಗೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದದ್ದೂ ಅದೇ ಕೈ.

ಇನ್ನೊಂದನ್ನು ಬರೆಯಲು ನಾಚಿಕೆಯಾಗುತ್ತದೆ. ಚಳಿ ಶುರುವಾದ ಹೊಸದರಲ್ಲಿ ಒಂದು ಸಂಜೆ ದೀಪದ ಬತ್ತಿ ಕುಡಿಗಟ್ಟಿ ಹೊಗೆಯಾಡುತ್ತಿತ್ತು. ಅಪ್ಪ ದೇವರಿಗೆ ಕೈಮುಗಿಯಲು ಬಂದವರು ಉರಿಯುತ್ತಿದ್ದ ಬತ್ತಿಯನ್ನೇ ಬರಿ ಬೆರಳಲ್ಲಿ ಹಿಡಿದು, ನಿಧಾನವಾಗಿ ತೀಡಿ, ಸರಿಮಾಡಿದರು. ಕೈ ಹಿಂದಕ್ಕೆಳೆಯಲಿಲ್ಲ, ಕಣ್ಣು ಸಹ ಮಿಟುಕಿಸಲಿಲ್ಲ. ನನ್ನ ಮೈಯೆಲ್ಲ ಜುಮ್ಮೆಂದಿತು. ಇಷ್ಟು ವರ್ಷ ದೇವರ ಮುಂದೆ ಆಕಳಿಸುತ್ತಾ ನಿಲ್ಲುತ್ತಿದ್ದ ಮನುಷ್ಯ, ಕಡೆಗೂ ಭಕ್ತಿ ಬಂತು, ಬೆಂಕಿಯೂ ಸುಡದ ಹಾಗೆ ಆಯಿತು ಅಂದುಕೊಂಡೆ. ಅಂದುಕೊಂಡು ಸುಮ್ಮನಿರಬೇಕಿತ್ತು. ಪ್ರಾರ್ಥನೆಗೆ ಸೇರುವ ಹೆಂಗಸರಿಗೆಲ್ಲ ಹೇಳಿಕೊಂಡು ಬಂದೆ. ಮಾರನೇ ದಿನ ಬುತ್ತಿ ಕೊಡುವಾಗ ನೋಡುತ್ತೇನೆ, ಬೆರಳ ತುದಿ ಬೊಬ್ಬೆ ಎದ್ದು ಒಡೆದಿದೆ. 'ಇದೇನು, ಎಲ್ಲಿ ಸುಟ್ಕೊಂಡ್ರಿ?' ಅಂದರೆ ಅವರೇ ಆಶ್ಚರ್ಯದಿಂದ ನೋಡಿಕೊಂಡರು. ನಾನು ದೇವರಿಗೆ ತಪ್ಪೊಪ್ಪಿಗೆ ಹೇಳಿದೆ. ಹೆಂಗಸರಿಗೆ ಇನ್ನೂ ಹೇಳಿಲ್ಲ. ಮೊನ್ನೆ ಒಬ್ಬಳು ನಿಮ್ಮಪ್ಪನ ಕೈಯಿಂದ ಮಗುವಿನ ತಲೆ ಮುಟ್ಟಿಸಲು ಬಂದಿದ್ದಳು.

ನಿನ್ನ ಗಂಡ ಇದನ್ನೇ ಅಲ್ಲವೇ ಮೊದಲಿನಿಂದ ಹೇಳಿದ್ದು. ನೆನಪಿದೆಯಾ, ಕೊನೆಯ ಸಲ ನೀವಿಬ್ಬರೂ ಊಟಕ್ಕೆ ಬಂದಾಗ ಅವರು ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತು ವಿವರಿಸಿದ್ದರು. ಮಿಷನ್ನಿನ ನಡುಕ ದಿನವಿಡೀ ಕೈಗೆ ಹತ್ತಿದರೆ ಒಳಗಿನ ನರ, ರಕ್ತನಾಳ ಎಲ್ಲ ಸಾಯುತ್ತಾ ಬರುತ್ತವೆ ಅತ್ತೆ, ಗಟ್ಟಿಯಾಗಿ ಹಿಡಿದಷ್ಟೂ ಹೆಚ್ಚು ಹತ್ತುತ್ತದೆ ಅಂದರು. ನನಗೆ ಬೀಸುಕಲ್ಲು ನೆನಪಾಯಿತು. ಚಿಕ್ಕವಳಿದ್ದಾಗ ಗೂಟವನ್ನು ಬಿಗಿಯಾಗಿ ಹಿಡಿದು ಬೀಸಿ ಅಂಗೈ ಹಣ್ಣಾದಾಗ ನನ್ನಮ್ಮ ತಲೆಗೆ ಮೊಟಕಿ, 'ಕಲ್ಲು ತಾನೇ ಸುತ್ತುತ್ತೆ, ನೀನು ಬರೀ ದಾರಿ ತೋರಿಸು' ಅಂದಿದ್ದಳು. ಅದನ್ನು ಹೇಳಿದರೆ ಅಳಿಯಂದಿರು, 'ಅತ್ತೆ, ನಾನು ಒಂದು ಗಂಟೆ ಭಾಷಣ ಮಾಡಿದ್ದನ್ನ ನೀವು ಒಂದು ಮಾತಲ್ಲಿ ಮುಗಿಸಿಬಿಟ್ರಿ' ಅಂತ ನಕ್ಕಿದ್ದರು.

ಆಮೇಲೆ ಅವರು ಮಾಡಿದ ತಪ್ಪು ಅದೊಂದೇ. ಗೇಟಿನ ಮುಂದೆ ಎಲ್ಲರೂ ಸೇರಿದಾಗ, ಸವೆದು ಕುಂಟುವ ಚಕ್ರ ಬದಲಾಯಿಸಿ, ನಡುಕ ಕಡಿಮೆ ಇರುವ ಹೊಸ ಗ್ರೈಂಡರ್ ತರಿಸಿ, ಒಬ್ಬನೇ ಹಿಡಿಯದೆ ಸರದಿ ಮೇಲೆ ಹಿಡಿಯೋಣ, ಕೈ ಬೆಚ್ಚಗಿಟ್ಟುಕೊಳ್ಳಲು ಜಾಗ ಕೊಡಿ ಅಂತ ಕೇಳಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಹೊಸಬರ ಕಡೆ ತಿರುಗಿ, 'ನಮ್ಮ ಮಾವನ ಹಿಡಿತ ಮಾತ್ರ ಯಾರೂ ಕಲೀಬೇಡಿ' ಅಂದುಬಿಟ್ಟರು. ನಿಮ್ಮಪ್ಪನಿಗೆ ಕಾರ್ಖಾನೆಯಲ್ಲಿ ಇರುವ ಹೆಸರೇ ಉಡ. ಹಿಡಿದರೆ ಉಡದ ಪಟ್ಟು, ಮಿಷನ್ನು ಅಲುಗಬಾರದು. ಹೊಸಬರನ್ನೆಲ್ಲ ಅವರ ಪಕ್ಕ ನಿಲ್ಲಿಸಿ, ಹೀಗೆ ಹಿಡೀಬೇಕು ನೋಡು ಅಂತ ಮೇಸ್ತ್ರಿ ತೋರಿಸುತ್ತಿದ್ದರು. ಅಂಥ ಹಿಡಿತವನ್ನು ಮಗಳ ಗಂಡನೇ ನಾಲ್ಕು ಜನರ ಮುಂದೆ ಹಳಿದರೆ? 'ನಿಮ್ಮ ಅಳಿಯ ಇನ್ನು ನಮಗೆಲ್ಲ ಬಳೆ ತೊಡಿಸ್ತಾನೆ' ಅಂತ ಯಾರೋ ಕಿಚಾಯಿಸಿದರಂತೆ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ನೀನೂ ಗಂಡನ ಪಕ್ಷ ಹಿಡಿದು ಬರುವುದನ್ನೇ ಬಿಟ್ಟೆ. ಅದಕ್ಕೆ ನಾನು ನಿನ್ನ ಮೇಲೆ ಸಿಟ್ಟಾಗಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಬೇಜಾರು ಮಾತ್ರ ಆಗಿದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ.

ನಾಳೆ ಕೈ ನೋಡುವ ಡಾಕ್ಟರಮ್ಮ ಕಾರ್ಖಾನೆಗೆ ಬರುತ್ತಾಳೆ. ಗ್ರೈಂಡರ್ ಹಿಡಿಯುವ ಎಲ್ಲರ ಬೆರಳಿನ ಬಣ್ಣ ನೋಡಿ, ಕಣ್ಣು ಮುಚ್ಚಿಸಿ ಬಿಸಿ ಕಡ್ಡಿ ತಣ್ಣನೆಯ ಕಡ್ಡಿ ಮುಟ್ಟಿಸಿ ಯಾವುದು ಯಾವುದೆಂದು ಕೇಳುತ್ತಾಳೆ. ಇದು ನಿನ್ನ ಗಂಡ ಹೋರಾಡಿ ತರಿಸಿದ ಪರೀಕ್ಷೆಯೇ. ನಾಡಿದ್ದು ಒಂದು ದೊಡ್ಡ ಪಂಪಿನ ಎರಕದ ತುಂಡನ್ನು ಸ್ಟ್ಯಾಂಡಿಗೆ ಏರಿಸುತ್ತಾರೆ, ಅದಕ್ಕೆ ಎಲ್ಲಕ್ಕಿಂತ ದೊಡ್ಡ ಗ್ರೈಂಡರ್ ಬೇಕು. ನಾಳೆ ಪಾಸಾದ ಕೈಗೇ ಅದನ್ನು ಕೊಡುವುದು ಅಂತ ಮೇಸ್ತ್ರಿ ಹೇಳಿದ್ದಾರೆ. ನಿಮ್ಮಪ್ಪ ಅದನ್ನು ಬೇರೆ ಯಾರಿಗೂ ಬಿಡುವುದಿಲ್ಲ. ಅವರು ಪಾಸಾದರೆ ಎದುರಿಗೆ ಹಾರೆ ಹಿಡಿದು ನಿಲ್ಲುವವರು ಯಾರು ಅಂತ ನಾನು ಬರೆಯಬೇಕೇ?

ಪಾಸಾಗಲು ಅವರು ದಾರಿ ಹುಡುಕಿಟ್ಟುಕೊಂಡಿದ್ದಾರೆ. ಕಡ್ಡಿಯ ಪರೀಕ್ಷೆಗೆ, 'ಒಂದ್ಸಲ ಬಿಸಿ ಅಂತೀನಿ, ಒಂದ್ಸಲ ತಣ್ಣಗೆ ಅಂತೀನಿ, ಅರ್ಧ ಆದ್ರೂ ಸರಿ ಹೋಗುತ್ತೆ' ಅಂತಾರೆ, ಏನೋ ಹುಡುಗಾಟದ ಹಾಗೆ. ಬಣ್ಣಕ್ಕೆ ಮಾತ್ರ ನನ್ನ ಸಹಾಯ ಬೇಕು. ಬೆಳಗಿನ ಬಿಡುವಿನ ಹೊತ್ತಿಗೆ ಫ್ಲಾಸ್ಕಿನಲ್ಲಿ ನೀರು ತಗೊಂಡು ನಾನು ಗೇಟಿಗೆ ಹೋಗಬೇಕು. ಅವರು ಅದನ್ನು ಮುಚ್ಚಳಕ್ಕೆ ಬಗ್ಗಿಸಿಕೊಂಡು, ಗೋಡೆ ಮರೆಯಲ್ಲಿ ಬೆರಳು ಅದ್ದಿಕೊಂಡು, ನೇರವಾಗಿ ಡಾಕ್ಟರಮ್ಮನ ಮುಂದೆ ಕೂರುತ್ತಾರೆ. 'ಹಬೆ ಬರೋ ಅಷ್ಟು ಕಾಯಿಸಬೇಡ. ಕೈ ಕೆಂಪಾದ್ರೆ ಆಯಮ್ಮನಿಗೆ ಅನುಮಾನ ಬರುತ್ತೆ. ಉಗುರುಬೆಚ್ಚಗೆ ಇರಲಿ' ಅಂದಿದ್ದಾರೆ.

ಬೇಡ ಅಂತ ನಾನು ಕಾಲು ಹಿಡಿದುಕೊಳ್ಳುವುದೊಂದು ಬಾಕಿ. ಚಕ್ರದ ಕೋಣೆಯ ಕೆಲಸ ಕೊಡಲು ಮೇಸ್ತ್ರಿ ಸಿದ್ಧರಿದ್ದಾರೆ. ಯಾವ ಚಕ್ರ ಸವೆದಿದೆ, ಯಾವುದು ಕುಂಟುತ್ತಿದೆ, ಯಾರು ಬಹಳ ಹೊತ್ತು ಹಿಡಿದರು, ಯಾರಿಗೆ ಬಿಡುವು ಕೊಡಬೇಕು ಅಂತ ನೋಡಿಕೊಳ್ಳುವ ಕೆಲಸ. ಅದನ್ನೂ ಮೇಸ್ತ್ರಿಯ ಕಿವಿಗೆ ಹಾಕಿದ್ದು ನಿನ್ನ ಗಂಡನೇ ಅಂತ ನನಗೆ ಅನುಮಾನ. ನಿಮ್ಮಪ್ಪನಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಚಕ್ರ ಸುತ್ತುವುದನ್ನು ದೂರದಿಂದ ನೋಡಿಯೇ ಅದರ ಕುಂಟು ಹೇಳುತ್ತಾರೆ. ಆದರೆ ಆ ಮಾತೆತ್ತಿದರೆ, 'ಉಡ ಹೋಗಿ ಬೀಗದ ಕೈ ಕಾಯಬೇಕಾ?' ಅಂತಾರೆ. ಕೈ ಇನ್ನೂ ಹಾಳಾಗುತ್ತದೆ ಅಂದರೆ, 'ನನ್ನ ಕೈ, ನಿನಗೇನು?' ಅಂತಾರೆ. ಮೊನ್ನೆ ನಾನೂ ಬಿಡಲಿಲ್ಲ. 'ಕೈ ನಿಮ್ದೇ, ಎದುರಿಗೆ ಇರೋ ಮುಖ ಯಾರ್ದು?' ಅಂತ ಕೇಳಿದೆ. ತಟ್ಟೆ ಬಿಟ್ಟು ಎದ್ದು ಹೋದರು.

ಆಮೇಲೆ ವಾಪಸು ಬಂದು ನನ್ನನ್ನು ಇದೇ ದೀಪದ ಮುಂದೆ ನಿಲ್ಲಿಸಿ ಮಾತು ತಗೊಂಡರು. ಕಾರ್ಖಾನೆಯವರಿಗೆ, ಡಾಕ್ಟರಮ್ಮನಿಗೆ, ಅಳಿಯನಿಗೆ, ನಿನಗೆ, ಯಾರಿಗೂ ತಿಳಿಸುವುದಿಲ್ಲ ಅಂತ ನನ್ನ ಬಾಯಿಂದ ಹೇಳಿಸಿದರು. ನಾನು ಹೇಳಿದೆ. ಹೇಳುವಾಗ ಅವರ ಕೈ ನನ್ನ ಕೈ ಮೇಲಿತ್ತು. ಐಸಿನ ಹಾಗಿತ್ತು.

ನಿನಗೆ ಗೊತ್ತು, ದೇವರ ಮುಂದೆ ಕೊಟ್ಟ ಮಾತನ್ನು ನಾನು ಇವತ್ತಿನವರೆಗೆ ಮುರಿದವಳಲ್ಲ. ಬಾಯಲ್ಲಿ ತಾನೇ ಹೇಳುವುದಿಲ್ಲ ಅಂದದ್ದು, ಬರೆದರೆ ತಪ್ಪಿಲ್ಲ ಅಂತ ಒಂದು ಕ್ಷಣ ಅನ್ನಿಸಿತು. ಅದೆಲ್ಲ ವಕೀಲರ ಆಟ, ದೇವರ ಹತ್ತಿರ ನಡೆಯುವುದಿಲ್ಲ. ನಾನು ಮಾತು ಮುರಿಯುತ್ತಿದ್ದೇನೆ, ತಿಳಿದೇ ಮುರಿಯುತ್ತಿದ್ದೇನೆ. ಇವತ್ತಿನದು ನನ್ನ ವಾರದ ಉಪವಾಸ ಅಲ್ಲ ಮಗಳೇ. ಇದು ಅದಕ್ಕಾಗಿ. ಶಿಕ್ಷೆ ಕೊಡುವುದಿದ್ದರೆ ನನ್ನೊಬ್ಬಳಿಗೇ ಕೊಡು, ಆ ಎರಡು ಜೀವಗಳ ಮೇಲೆ ಹಾಕಬೇಡ ಅಂತ ಬೆಳಗಿನಿಂದ ಕೇಳಿಕೊಳ್ಳುತ್ತಿದ್ದೇನೆ. ಅವರು ಕೆಲಸಕ್ಕೆ ಹೋದಾಗಿನಿಂದ ಬೀದಿಯಲ್ಲಿ ಯಾರ ಹೆಜ್ಜೆ ಜೋರಾಗಿ ಕೇಳಿದರೂ ಬರೆಯುವುದು ನಿಲ್ಲಿಸಿ ಬಾಗಿಲು ನೋಡುತ್ತೇನೆ. ಇವತ್ತೂ ಅವರಿಬ್ಬರು ಎದುರುಬದುರು ನಿಂತಿದ್ದಾರಲ್ಲ.

ನೀನು ಮಾಡಬೇಕಾದದ್ದು ಇಷ್ಟು. ಸಂಜೆ ನಿನ್ನ ಗಂಡ ಬಂದು, ಊಟ ಮಾಡಿದ ಮೇಲೆ (ಮೊದಲೇ ಕೊಡಬೇಡ, ಊಟ ಬಿಡುತ್ತಾರೆ) ಈ ಕಾಗದ ಕೈಗೆ ಕೊಡು. ಅಂಗಿಯ ತೋಳಿನ ವಿಷಯಕ್ಕೆ ಜಗಳ ತೆಗೆಯಬೇಡ, ಅದಕ್ಕೆ ಮುಂದೆ ಬೇಕಾದಷ್ಟು ಸಮಯವಿದೆ. ನನ್ನ ಮಾತಾಗಿ ಅವರಿಗೆ ಇಷ್ಟು ಹೇಳು: ಮಾವನ ಮರ್ಯಾದೆ ಉಳಿಸಲು ನೀವು ಬಾಯಿ ಮುಚ್ಚಿಕೊಂಡದ್ದು ಸಾಕು. ನಾಳೆ ಡಾಕ್ಟರಮ್ಮನ ಮುಂದೆ ಮಾವ ಕೂತಾಗ ನೀವು ಹತ್ತಿರ ಇರಿ. ಪರೀಕ್ಷೆ ಮುಗಿಯುವವರೆಗೆ ಕಾಯಿರಿ. ಆಮೇಲೆ ಅವರು ಎದ್ದು ಬರುವಾಗ, ನಾಲ್ಕು ಜನರ ಮುಂದೆ ಆಡಿದ ಮಾತಿಗೆ ನಾಲ್ಕು ಜನರ ಮುಂದೆಯೇ ಇನ್ನೊಂದು ಮಾತು ಸೇರಿಸಿ. ಚಕ್ರದ ಕೋಣೆಗೆ ಮಾವ ಬಂದರೆ ಮಾತ್ರ ನಮ್ಮ ಕೈ ಉಳಿಯುತ್ತದೆ ಅಂತ ಕೇಳಿಕೊಳ್ಳಿ. ಅದು ಸುಳ್ಳೂ ಅಲ್ಲ. ಈಗ ಬಿಟ್ಟರೆ ಅವರ ಕೈ ಇಲ್ಲಿಗೇ ನಿಲ್ಲಬಹುದು, ಬಿಡದಿದ್ದರೆ ಹೋದದ್ದು ಮತ್ತೆ ಬರುವುದಿಲ್ಲ ಅಂತ ನೀವೇ ನನಗೆ ಹೇಳಿದ್ದು.

ಇಷ್ಟೆಲ್ಲ ಬರೆದ ಮೇಲೆ ನೀನು ಕೇಳುವುದು ಒಂದೇ ಪ್ರಶ್ನೆ ಅಂತ ನನಗೆ ಗೊತ್ತು. ಅಮ್ಮ, ನಾಳೆ ನೀನು ಆ ಫ್ಲಾಸ್ಕ್ ತಗೊಂಡು ಹೋಗುತ್ತೀಯಾ? ಹೋಗುತ್ತೇನೆ. ಗೇಟಿನಲ್ಲಿ ಅವರು ನನ್ನ ದಾರಿ ಕಾಯುತ್ತಾರೆ, ನಾನು ಹೋಗದೆ ಇರಲಾರೆ. ಫ್ಲಾಸ್ಕನ್ನು ತೊಳೆದು ಬೋರಲು ಹಾಕಿದ್ದೇನೆ.

ನಾಳೆ ಏನಾಯಿತು, ಅವರು ನನಗೆ ಏನಂದರು, ಎಲ್ಲವನ್ನೂ ಬರೆದು ಇಡುತ್ತೇನೆ. ಟೈಲರಮ್ಮನ ಕೈಯಲ್ಲಿ ಇನ್ನೊಂದು ಸಲ ಕಳಿಸುವ ಧೈರ್ಯವಿಲ್ಲ, ಅವಳು ಈಗಲೇ ಎರಡು ಸಲ ಬಂದು ಬರೆದು ಮುಗಿಯಿತಾ ಅಂತ ಕೇಳಿ ಹೋದಳು. ನನ್ನ ಉತ್ತರ ತಗೊಂಡು ಹೋಗಲು ನಾಳೆ ಸಂಜೆ ನಿನ್ನ ಗಂಡನನ್ನೇ ಕಳಿಸು. ಬೀದಿಯಲ್ಲಿ ನಿಂತು ಕೂಗುವುದು ಬೇಡ, ಒಳಗೆ ಬಂದು ತಗೊಂಡು ಹೋಗಲಿ.

ನಿನ್ನ
ಅಮ್ಮ

ಮರೆತಿದ್ದ ಮಾತು: ಇವತ್ತು ಬೆಳಗ್ಗೆ ಅಪ್ಪ ಹೊರಡುವ ಮುಂಚೆ ಒಂದು ಬಟ್ಟಲಲ್ಲಿ ನೀರು ತಂದು ಅವರ ಮುಂದೆ ಇಟ್ಟೆ. 'ನೋಡಿ, ನಾಳೆಗೆ ಇಷ್ಟು ಬೆಚ್ಚಗಿದ್ರೆ ಸಾಕಾ?' ಅಂತ ಕೇಳಿದೆ. ಚಳಿಗೆ ಅವರ ಬೆರಳು ಆಗಲೇ ಬಿಳುಚಿದ್ದವು. ಅದು ರಾತ್ರಿಯೆಲ್ಲ ಹಿತ್ತಲಿನಲ್ಲಿ ಇಟ್ಟಿದ್ದ ಕೊಡದ ನೀರು, ಒಲೆಯ ಹತ್ತಿರ ಹೋದದ್ದಲ್ಲ, ಬಟ್ಟಲು ಹಿಡಿದ ನನ್ನ ಕೈಯೇ ಮರಗಟ್ಟುತ್ತಿತ್ತು. ಅವರು ನಾಲ್ಕು ಬೆರಳು ಅದ್ದಿ, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, 'ಹದವಾಗಿದೆ ಕಣೇ. ನಾಳೆಯೂ ಇಷ್ಟೇ ಇರಲಿ' ಅಂದರು.

ಇಷ್ಟೇ ಇರುತ್ತದೆ.